ಎರಡು ಹಿಂದಿನ ಅಕ್ಷರ ಯಾವುದಿತ್ತು?

ಮೊದಲು ಒಂದು ಮೂಟೆಯ ಕಥೆ. ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು, ಹದಿನಾಲ್ಕು ವರ್ಷವಾಯಿತು. ತೂಕದ ಹತ್ತಿರ ನಿಂತವನು ಕೂಗುತ್ತಾನೆ. ನಾನು ಅದನ್ನು ತಲೆಯಲ್ಲೇ ಹಿಡಿದುಕೊಂಡು, ಗೋಣಿಚೀಲದ ತೂಕ ಕಳೆದು, ಉಳಿದಿದ್ದನ್ನು ಪುಸ್ತಕಕ್ಕೆ ಹಾಕಬೇಕು. ಅಷ್ಟರಲ್ಲಿ ಅವನು ಮುಂದಿನ ಮೂಟೆ ಕೂಗಿರುತ್ತಾನೆ. ಇದೇನು ದೊಡ್ಡ ವಿದ್ಯೆಯಲ್ಲ, ಅಭ್ಯಾಸವಾದರೆ ಪಕ್ಕದವರ ಜೊತೆ ಹರಟೆ ಹೊಡೆಯುತ್ತಲೇ ಮಾಡಬಹುದು, ನಾನೂ ಹಾಗೇ ಮಾಡುತ್ತಿದ್ದೆ. 2021ರ ಜುಲೈನಲ್ಲಿ ಒಂದು ದಿನ ಮಂಡಿಯ ತಗಡಿನ ಶೀಟಿನ ಮೇಲೆ ಮಳೆ ರಪರಪ ಬೀಳುತ್ತಿತ್ತು. ಅವನು "62 ಕಿಲೋ 400" ಅಂದ. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಅದು ಇಲ್ಲ. "ಎಷ್ಟಂದೆ?" ಅಂತ ಕೇಳಿದೆ. ಮತ್ತೆ ಹೇಳಿದ. ಮತ್ತೆ ಇಲ್ಲ. ಮೂರನೇ ಸಲ ಕೇಳಲು ನಾಚಿಕೆಯಾಗಿ ಅಂದಾಜಿನ ಮೇಲೆ ಏನೋ ಬರೆದೆ. ಸಂಜೆ ಲೆಕ್ಕ ತಾಳೆಯಾಗಲಿಲ್ಲ.

ಆಮೇಲೆ ಅದು ಮಳೆಗಾಲದ ಮಾಮೂಲಾಯಿತು. ಒಲೆ ಮೇಲೆ ಹಾಲಿಟ್ಟು ಮರೆಯುವುದು, ಫೋನಿನಲ್ಲಿ ಬಂದ ಓಟಿಪಿ ನೋಡಿ ಒತ್ತುವಷ್ಟರಲ್ಲಿ ಮರೆಯುವುದು, ಯಾರೋ ಮಾತಾಡುತ್ತಿರುವಾಗ ವಾಕ್ಯದ ಬಾಲ ಬರುವಷ್ಟರಲ್ಲಿ ತಲೆ ಎಲ್ಲಿತ್ತು ಅಂತ ಗೊತ್ತಾಗದೇ ಇರುವುದು. ಒಬ್ಬ ಡಾಕ್ಟರ ಹತ್ತಿರ ಹೋದೆ. ರಕ್ತ ಪರೀಕ್ಷೆ, ಥೈರಾಯ್ಡ್, ಬಿ12 ಎಲ್ಲ ಮಾಡಿಸಿದರು, ಎಲ್ಲ ಸರಿ ಇತ್ತು. "ಟೆನ್ಶನ್ ಮಾಡ್ಕೋಬೇಡಿ" ಅಂದರು. ಮಾಡ್ಕೊಳ್ಳೋದು ಬಿಡೋದು ನನ್ನ ಕೈಯಲ್ಲಿದ್ದಿದ್ದರೆ ಅವರ ಹತ್ತಿರ ಯಾಕೆ ಹೋಗುತ್ತಿದ್ದೆ?

ಇದರ ಬೇರು 2019ರ ಆಗಸ್ಟಿನಲ್ಲಿತ್ತು. ಆ ವರ್ಷದ ಮಳೆ ಮಲೆನಾಡಿನವರು ಯಾರೂ ಮರೆತಿರಲಾರರು. ನನ್ನ ತವರು ತೀರ್ಥಹಳ್ಳಿ ಕಡೆ, ಗುಡ್ಡದ ಬುಡದಲ್ಲಿ ಮನೆ, ಹಿಂದೆ ಧರೆ. ಬಯಲುಸೀಮೆಯವರಿಗಾಗಿ ಹೇಳುತ್ತೇನೆ, ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂಬದಿಗೆ ಗೋಡೆಯ ಹಾಗೆ ಮಣ್ಣು ನಿಲ್ಲುತ್ತದಲ್ಲ, ಅದನ್ನು ನಾವು ಧರೆ ಅನ್ನುತ್ತೇವೆ. ನಾಲ್ಕು ದಿನ ಒಂದೇ ಸಮ ಹೊಯ್ದ ಮೇಲೆ ಐದನೇ ರಾತ್ರಿ ಕೊಟ್ಟಿಗೆ ಕಡೆಯಿಂದ ಸಣ್ಣ ಕಲ್ಲು ಉದುರುವ ಸದ್ದು ಬಂತು. ಅಪ್ಪಯ್ಯ ಟಾರ್ಚ್ ಹಿಡಿದು ಎದ್ದರು. ತಮ್ಮ, ನಾನು ಹಿಂದೆ ಓಡಿದೆವು. ಕರುಗಳ ಕಣ್ಣಿ ಬಿಚ್ಚಿದ್ದಾಯಿತು. ಕೆಂಪಿಯದು ಬಿಚ್ಚಲಾಗಲಿಲ್ಲ. ಒದ್ದೆ ಹಗ್ಗ, ಹಸು ಹೆದರಿ ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು. ಉಗುರು ಹಾಕಿ ಕೀಳುತ್ತಿದ್ದೆ, ಅಷ್ಟರಲ್ಲಿ ಧರೆ ಜರಿಯಿತು. ಸೊಂಟದವರೆಗೆ ಕೆಸರು. ತಮ್ಮನೂ ಅಷ್ಟೇ, ನನ್ನಿಂದ ಎರಡು ಮಾರು ದೂರದಲ್ಲಿ. ಪಕ್ಕದ ಮನೆಯವರು ಹಾರೆ ಗುದ್ದಲಿ ತಂದು ನಮ್ಮನ್ನು ತೆಗೆಯುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಕೆಂಪಿ ಅದರ ಮೊದಲೇ ಹೋಗಿತ್ತು. ಕಣ್ಣಿಯ ತುದಿ ನನ್ನ ಕೈಯಲ್ಲೇ ಇತ್ತಂತೆ, ಬಿಡಿಸಿಕೊಳ್ಳಬೇಕಾಯಿತಂತೆ.

ಇಷ್ಟನ್ನು ಹೀಗೆ ಬರೆಯಲು ನನಗೆ ಐದು ವರ್ಷ ಬೇಕಾಯಿತು.

2024ರ ಶುರುವಿನಲ್ಲಿ ಒಂದು ರಾತ್ರಿ ನಿದ್ದೆಯಿಲ್ಲದೆ 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯವರು ಸುಮ್ನೆ ಕೇಳಿಸಿಕೊಂಡರು, ಕೊನೆಗೆ ಮನೋವೈದ್ಯರನ್ನು ಕಾಣಿ ಅಂದರು. ಶಿವಮೊಗ್ಗದಲ್ಲೇ ಕಂಡೆ. ಅವರು ಪಿಟಿಎಸ್‌ಡಿ ಅಂದರು, ದೊಡ್ಡ ಆಘಾತದ ಮೇಲೆ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆ. "ಅದು ಯುದ್ಧಕ್ಕೆ ಹೋದವರಿಗೆ ಬರೋದಲ್ವಾ ಡಾಕ್ಟ್ರೇ?" ಅಂದೆ. ಸಿನಿಮಾದಲ್ಲಿ ನೋಡಿದ್ದು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ವಾಪಸಾದವರ ಪಾಡು ಅದಕ್ಕೆ ಒಂದು ದೊಡ್ಡ ಕಾರಣ ಹೌದು, ಆದರೆ ಜೀವಕ್ಕೆ ಬಂದ ಯಾವ ಅಪಾಯದಿಂದಲೂ ಇದು ಆಗಬಹುದು ಅಂತ ವಿವರಿಸಿದರು. ಬೇಡವೆಂದರೂ ಮತ್ತೆ ಮತ್ತೆ ನೆನಪು ನುಗ್ಗುವುದು, ಅದನ್ನು ನೆನಪಿಸುವ ಜಾಗ ಮಾತು ತಪ್ಪಿಸಿಕೊಂಡು ಓಡಾಡುವುದು, ಎಲ್ಲದಕ್ಕೂ ನಾನೇ ಕಾರಣ ಅನ್ನಿಸಿ ಮನಸ್ಸು ಮಂಕಾಗುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಇವೆಲ್ಲ ಒಂದು ತಿಂಗಳು ದಾಟಿಯೂ ಬಿಡದೆ ಬದುಕಿಗೆ ಅಡ್ಡ ಬಂದರೆ ಅದು. ಧರೆ ಜರಿದ ಮೇಲೆ ನಾನು ಕೊಟ್ಟಿಗೆಗೆ ಕಾಲಿಟ್ಟಿರಲೇ ಇಲ್ಲ. ಮಳೆಗಾಲದಲ್ಲಿ ತವರಿಗೇ ಹೋಗುತ್ತಿರಲಿಲ್ಲ. ರಜೆ ಸಿಗಲ್ಲ ಅಂತ ಸುಳ್ಳು ಹೇಳುತ್ತಿದ್ದೆ.

ಮರೆವಿನ ಬಗ್ಗೆ ಕೇಳಿದಾಗ ಅವರು ಇನ್ನೊಂದು ವಿಷಯ ಹೇಳಿದರು. ಬೆಂಗಳೂರಿನಲ್ಲಿ ಒಂದು ಅಧ್ಯಯನ ನಡೀತಾ ಇದೆ, ನಿಮ್ಮಂಥವರ ಮೆದುಳಿನ ಸ್ಕ್ಯಾನ್ ಮಾಡ್ತಾ ನೆನಪಿನ ಪರೀಕ್ಷೆ ಕೊಡ್ತಾರೆ, ಇಷ್ಟ ಇದ್ದರೆ ಹೋಗಿ, ಇಲ್ಲದಿದ್ದರೆ ಚಿಕಿತ್ಸೆಗೇನೂ ತೊಂದರೆಯಿಲ್ಲ. ನಾನು ಒಪ್ಪಿದ್ದು ವಿಜ್ಞಾನಕ್ಕಾಗಿ ಅಂತ ಹೇಳಿದರೆ ಸುಳ್ಳಾಗುತ್ತದೆ. ನನಗೆ ಒಂದು ಫೋಟೋ ಬೇಕಿತ್ತು. ಇಲ್ನೋಡಿ, ಇಲ್ಲಿ ಕೆಟ್ಟಿದೆ, ನಾನು ಸೋಮಾರಿಯಲ್ಲ ಅಂತ ಮಂಡಿಯ ಸಾಹುಕಾರರಿಗೆ, ಭಾವನಿಗೆ, ಎಲ್ಲರಿಗೂ ತೋರಿಸುವಂಥದ್ದು.

ಜುಲೈನಲ್ಲಿ ಬೆಳಗಿನ ರೈಲು ಹಿಡಿದು ಹೋದೆ. ಮೊದಲ ದಿನ ಬರೀ ಮಾತು. ಸಂಶೋಧನೆ ಮಾಡುತ್ತಿದ್ದ ಹುಡುಗಿ ಕನ್ನಡದಲ್ಲೇ ಇದ್ದ ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿದಳು. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಕಾರಣ ಹೇಳಬೇಕಾಗಿಲ್ಲ. ಹೆಸರು ಇರುವುದಿಲ್ಲ, ನಂಬರ್ ಮಾತ್ರ. ಪರೀಕ್ಷೆಯ ನಡುವೆ ಮನಸ್ಸಿಗೆ ಹಿಂಸೆ ಆಗುವ ಚಿತ್ರಗಳು ಬರಬಹುದು. ಆಮೇಲೆ ಸಂದರ್ಶನ. ಇಪ್ಪತ್ತು ಲಕ್ಷಣಗಳನ್ನು ಒಂದೊಂದಾಗಿ ಹಿಡಿದು, ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ, ಎಷ್ಟು ಜೋರು, ಆಗ ಏನು ಮಾಡಿದಿರಿ ಅಂತ ಕೇಳುತ್ತಾರೆ. ಒಂದು ತಾಸಿನ ಮೇಲಾಯಿತು. ಕಣ್ಣಿಯ ವಿಷಯ ಬಂದಾಗ ಹುಡುಗಿ ಪೆನ್ನು ಕೆಳಗಿಟ್ಟಳು. ಅದು ನನಗೆ ಹಿಡಿಸಿತು.

ಅಧ್ಯಯನದಲ್ಲಿ ಮೂರು ಗುಂಪು ಇತ್ತು. ಪಿಟಿಎಸ್‌ಡಿ ಇರುವವರು, ಅಂಥದೇ ಅಪಾಯ ಕಂಡರೂ ಪಿಟಿಎಸ್‌ಡಿ ಆಗದವರು, ಅಪಾಯವನ್ನೇ ಕಾಣದವರು. ನಡುವಿನ ಗುಂಪು ಯಾಕೆ ಅಂತ ಕೇಳಿದೆ. "ಅದೇ ಇಲ್ಲಿ ಮುಖ್ಯ ಅಕ್ಕ, ಆಘಾತದಿಂದ ಆದ ಬದಲಾವಣೆ ಯಾವುದು, ಕಾಯಿಲೆಯದ್ದು ಯಾವುದು ಅಂತ ಬೇರೆ ಮಾಡಬೇಕಲ್ಲ" ಅಂದಳು. ಅಷ್ಟು ಹೊತ್ತಿಗೆ ನಾನು ಮೇಡಂನಿಂದ ಅಕ್ಕ ಆಗಿದ್ದೆ. ನನಗೆ ತಮ್ಮ ನೆನಪಾದ. ಅದೇ ರಾತ್ರಿ, ಅದೇ ಕೆಸರು, ಅವನು ಈಗ ಮಳೆ ಬಂದರೆ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಾನೆ! ಇಷ್ಟು ವರ್ಷ ಅದನ್ನು ನೆನೆದು ನಾನೇ ಪುಕ್ಕಲಿ ಅಂದುಕೊಂಡಿದ್ದೆ. ಹುಡುಗಿ ಒಂದು ಹಳೆಯ ಅಧ್ಯಯನದ ವಿಷಯ ಹೇಳಿದಳು. 2002ರದ್ದು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರನ್ನೂ, ಮನೆಯಲ್ಲೇ ಉಳಿದ ಅವರ ತದ್ರೂಪಿ ಅವಳಿಗಳನ್ನೂ ಸ್ಕ್ಯಾನ್ ಮಾಡಿದ್ದರು. ಹಿಪ್ಪೊಕ್ಯಾಂಪಸ್ ಅಂತ ಮೆದುಳಿನಲ್ಲಿ ಕಡಲ್ಗುದುರೆ ಆಕಾರದ ಒಂದು ಭಾಗ ಇದೆ, ಹೊಸ ನೆನಪು ಕಟ್ಟುವ ಜಾಗ. ತೀವ್ರ ಪಿಟಿಎಸ್‌ಡಿ ಇದ್ದವರಲ್ಲಿ ಅದು ಚಿಕ್ಕದಿತ್ತು. ಆಘಾತದಿಂದ ಸವೆಯಿತು ಅಂದುಕೊಳ್ಳುವುದು ಸುಲಭ. ಆದರೆ ಯುದ್ಧವನ್ನೇ ನೋಡದ ಅವರ ಅವಳಿಗಳಲ್ಲೂ ಅದು ಚಿಕ್ಕದೇ ಇತ್ತು. ಅಂದರೆ ಕೆಲವರು ಮೊದಲೇ ಸ್ವಲ್ಪ ತೆಳುವಾದ ಕೊಡೆ ಹಿಡಿದು ಮಳೆಗೆ ಇಳಿದಿರುತ್ತಾರೆ ಅಂತ ನಾನು ಅರ್ಥ ಮಾಡಿಕೊಂಡೆ. ಅದರಲ್ಲಿ ಪುಕ್ಕಲುತನದ ಮಾತೇ ಇಲ್ಲ.

ನೆನಪಿನ ಮೊದಲ ಪರೀಕ್ಷೆ ಮೇಜಿನ ಮೇಲೇ ಆಯಿತು. ಅವಳು ಅಂಕಿ ಹೇಳುತ್ತಾಳೆ, ನಾನು ಹಾಗೇ ಹೇಳಬೇಕು. ಏಳರವರೆಗೆ ಹೋದೆ. ಆಮೇಲೆ ಹಿಂದುಮುಂದಾಗಿ ಹೇಳಬೇಕು. ನಾಲ್ಕಕ್ಕೇ ನಿಂತಿತು. ಮಂಡಿ ಲೆಕ್ಕದವಳಿಗೆ ಇದಕ್ಕಿಂತ ಅವಮಾನ ಬೇಕಾ? ಅವಳು ನಕ್ಕು ಸಮಾಧಾನ ಮಾಡಿದಳು. ತಲೆ ಒಂದು ಸಲಕ್ಕೆ ಹಿಡಿಯುವುದು ಏಳು, ಎರಡು ಹೆಚ್ಚು ಕಡಿಮೆ ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದಿದ್ದ, ಆಮೇಲೆ 2001ರಲ್ಲಿ ನೆಲ್ಸನ್ ಕೋವನ್ ಬಂದು ನಿಜವಾಗಿ ಹಿಡಿಯಲಾಗುವುದು ನಾಲ್ಕರ ಹತ್ತಿರ ಅಷ್ಟೇ ಅಂದ. ವರ್ಕಿಂಗ್ ಮೆಮೊರಿ ಅಂದರೆ ಬರೀ ಇಟ್ಟುಕೊಳ್ಳುವುದಲ್ಲ, ಹಿಡಿದುಕೊಂಡೇ ಕೆಲಸ ಮಾಡುವುದು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಅನ್ನುವ ಇಬ್ಬರು ಇದನ್ನು ಹೀಗೆ ಬಿಡಿಸಿ ಹೇಳಿದ ಮೇಲೇ ಈ ತಿಳಿವಳಿಕೆ ನೆಲೆಯಾದದ್ದು. ಬಾವಿಯಿಂದ ನೀರು ಸೇದುವಾಗ ಒಂದು ಕೈ ಹಗ್ಗ ಹಿಡಿದಿರುತ್ತದೆ, ಇನ್ನೊಂದು ಕೈ ಕೊಡ ಎಳೆದುಕೊಳ್ಳುತ್ತದೆ, ಹಾಗೆ. ಗೋಣಿಚೀಲದ ತೂಕ ಕಳೆಯುವುದೂ ಅದೇ. ನಾನು ಹದಿನಾಲ್ಕು ವರ್ಷ ಮಾಡಿದ ಕೆಲಸಕ್ಕೆ ಇಂಥದೊಂದು ಹೆಸರಿದೆ ಅಂತ ಅವತ್ತೇ ಗೊತ್ತಾಗಿದ್ದು.

ಮರುದಿನ ಸ್ಕ್ಯಾನ್. ಮೈಮೇಲಿನ ಲೋಹ ಎಲ್ಲ ತೆಗೆಯಬೇಕು. ಕರಿಮಣಿ, ಓಲೆ, ಕಾಲುಂಗುರ, ತಲೆಯ ಪಿನ್ನು, ಸೀರೆಯ ಪಿನ್ನು. ಹೆಂಗಸರ ಮೈಮೇಲೆ ಎಷ್ಟು ಪಿನ್ನು ಇರುತ್ತದೆ ಅಂತ ಎಂಆರ್‌ಐ ಕೋಣೆಗೆ ಹೋಗುವ ಮೊದಲು ಲೆಕ್ಕ ಹಾಕಬೇಕು. ನನಗೆ ಸಿಕ್ಕಿದ್ದು ಒಂಬತ್ತು. ಮೂಗುಬೊಟ್ಟು ಮಾತ್ರ ಬರಲಿಲ್ಲ. ಮದುವೆಯಲ್ಲಿ ಹಾಕಿದ್ದು ಮತ್ತೆ ತೆಗೆದೇ ಇರಲಿಲ್ಲ, ತಿರುಪು ಅಂಟಿಕೊಂಡಿತ್ತು. ಸೋಪು ನೀರು ಹಾಕಿ ನರ್ಸಮ್ಮ ಹತ್ತು ನಿಮಿಷ ಒದ್ದಾಡಿದರು. "ಬಂಗಾರ ಅಯಸ್ಕಾಂತಕ್ಕೆ ಅಂಟಲ್ವಲ್ಲ" ಅಂತ ನಾನು ಜಾಣತನ ತೋರಿಸಿದೆ. ಅಂಟದಿದ್ದರೂ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ, ಬೇರೆ ಲೋಹ ಬೆರೆತಿದ್ದರೆ ನಮಗೇನು ಗೊತ್ತು ಅಂದರು. ಆ ಯಂತ್ರ 3 ಟೆಸ್ಲಾದ್ದು. ಭೂಮಿಯ ಅಯಸ್ಕಾಂತ ಬಲಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ 60 ಸಾವಿರ ಪಟ್ಟು. ಸ್ಕ್ಯಾನ್ ಇಲ್ಲದಾಗಲೂ ಆ ಬಲ ಆಫ್ ಆಗುವುದಿಲ್ಲ, ಯಾವಾಗಲೂ ಇರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಆಪರೇಷನ್ ಕ್ಲಿಪ್ ಇದೆಯಾ, ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತಾ, ಬಸುರಿಯಾ, ಅದೇ ಪ್ರಶ್ನೆ ಮೂರು ಜನ ಮೂರು ಸಲ ಕೇಳಿದ್ದು ಸುಮ್ನೆ ಅಲ್ಲ.

ಮಲಗಿಸಿದರು. ಕಿವಿಗೆ ಹತ್ತಿಯಂಥ ಬೆಣೆ, ಅದರ ಮೇಲೆ ಹೆಡ್‌ಫೋನ್, ತಲೆಯ ಎರಡೂ ಕಡೆ ಸ್ಪಂಜು, ಮುಖದ ಮೇಲೆ ಪಂಜರದ ಹಾಗಿನ ಒಂದು ಮುಚ್ಚಳ. ಎಡಗೈಗೆ ಒಂದು ರಬ್ಬರ್ ಚೆಂಡು, ತಡೆಯಲಾಗದಿದ್ದರೆ ಹಿಸುಕಿ ಅಂದರು. ಬಲಗೈಗೆ ಗುಂಡಿ. ಹಾಸಿಗೆ ಒಳಗೆ ಸರಿಯಿತು.

ಸೊಂಟದವರೆಗೆ ಕೆಸರಿನಲ್ಲಿ ನಿಂತವಳನ್ನು ಒಂದು ಕೊಳವೆಯೊಳಗೆ ತಳ್ಳಿದರೆ ಏನಾಗುತ್ತದೆ? ಎರಡು ನಿಮಿಷ ಆಗಿರಲಿಲ್ಲ. ಕಾಲು ಅಲ್ಲಾಡಿಸಲು ಆಗುತ್ತಿಲ್ಲ ಅನ್ನಿಸಿತು, ಆಗುತ್ತಿತ್ತು, ಆದರೆ ಅನ್ನಿಸಿತು. ಬಾಯಲ್ಲಿ ಮಣ್ಣಿನ ರುಚಿ ಬಂತು. ನಿಜವಾಗಿ ಬಂತು, ಒದ್ದೆ ಜಂಬಿಟ್ಟಿಗೆ ಮಣ್ಣಿನದು. ಚೆಂಡು ಹಿಸುಕಿದೆ. ಕೂಡಲೇ ಹೊರಗೆ ಎಳೆದರು. ಯಾರೂ ಬೈಯಲಿಲ್ಲ. ಹುಡುಗಿ ನೀರು ಕೊಟ್ಟು, "ಇಲ್ಲಿಗೇ ನಿಲ್ಲಿಸೋಣವಾ ಅಕ್ಕ?" ಅಂದಳು. ನಾನು ಉತ್ತರ ಕೊಡದೆ ಆ ಚೆಂಡನ್ನೇ ನೋಡುತ್ತಿದ್ದೆ. ಹಿಸುಕಿದೆ, ಹೊರಗೆ ಬಂದೆ. ಅವತ್ತು ರಾತ್ರಿ ಹೀಗೆ ಹಿಸುಕುವಂಥದ್ದು ಏನೂ ಇರಲಿಲ್ಲ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಹೋಗುತ್ತೇನೆ ಅಂದೆ. ಈ ಸಲ ಮುಖದ ಮುಂದಿನ ಸಣ್ಣ ಕನ್ನಡಿಯನ್ನು ಸರಿ ಮಾಡಿಕೊಟ್ಟರು, ಅದರಲ್ಲಿ ಪರದೆಯೂ, ಪರದೆಯ ಅಂಚಿನಲ್ಲಿ ಆ ಕೋಣೆಯ ಗಾಜಿನ ಕಿಟಕಿಯೂ ಕಾಣುತ್ತಿತ್ತು. ಕಿಟಕಿಯಾಚೆ ಯಾರೋ ಚಹಾ ಕುಡಿಯುತ್ತಿದ್ದರು. ಆ ಲೋಟ ನನಗೆ ತುಂಬಾ ಉಪಕಾರ ಮಾಡಿತು.

ಸದ್ದಿನ ಬಗ್ಗೆ ಎಲ್ಲರೂ ಹೆದರಿಸಿದ್ದರು. ನಮ್ಮ ಕಡೆಯವರಿಗೆ ಸುಲಭವಾಗಿ ಹೇಳಬೇಕೆಂದರೆ ಅಡಿಕೆ ಸುಲಿಯುವ ಮೆಷಿನ್ ಒಳಗೆ ತಲೆಯಿಟ್ಟ ಹಾಗೆ. ಟಕಟಕಟಕ, ಆಮೇಲೆ ಬೇರೆ ರಾಗದಲ್ಲಿ ಬೂಂ ಬೂಂ. ಸುರುಳಿಗಳಲ್ಲಿ ವಿದ್ಯುತ್ತನ್ನು ಕ್ಷಣ ಕ್ಷಣಕ್ಕೆ ಬದಲಿಸುತ್ತಾರೆ, ಅಷ್ಟು ದೊಡ್ಡ ಅಯಸ್ಕಾಂತದೊಳಗೆ ಆ ಸುರುಳಿಗಳು ಅದುರುತ್ತವೆ, ಅದರ ಸದ್ದು ಅದು. ವಿಚಿತ್ರ ಅಂದರೆ ನನಗೆ ಅದು ಹಿತವಾಯಿತು. ಆ ಗಲಾಟೆಯಲ್ಲಿ ಹೊರಗೆ ಮಳೆ ಬರುತ್ತಿದೆಯಾ ಇಲ್ಲವಾ ಅಂತ ಕೇಳಿಸುವುದಿಲ್ಲವಲ್ಲ.

ಪರೀಕ್ಷೆ ಹೀಗಿತ್ತು. ಪರದೆ ಮೇಲೆ ಒಂದೊಂದೇ ಅಕ್ಷರ ಬಂದು ಹೋಗುತ್ತದೆ. ಮೊದಲ ಸುತ್ತು ಸಲೀಸು, 'ಮ' ಬಂದಾಗ ಗುಂಡಿ ಒತ್ತಿ, ಅಷ್ಟೇ. ಆಮೇಲಿನ ಸುತ್ತಿನಲ್ಲಿ, ಈಗ ಬಂದ ಅಕ್ಷರ ಎರಡು ಹಿಂದೆ ಬಂದ ಅಕ್ಷರವೇ ಆಗಿದ್ದರೆ ಒತ್ತಬೇಕು. ಕ, ಟ, ಕ, ಒತ್ತು. ಟ, ಸರಿ, ಅದಕ್ಕೂ ಒತ್ತು. ಮ, ಬೇಡ. ಕೇಳಲು ಮಕ್ಕಳಾಟ. ಮಾಡಿ ನೋಡಿ. ಪ್ರತಿ ಅಕ್ಷರ ಬಂದಾಗಲೂ ಹಳೆಯದೊಂದನ್ನು ಬಿಟ್ಟು ಹೊಸದನ್ನು ಹಿಡಿದು, ನಡುವಿನದನ್ನು ಜಾರಿಸದೆ ಇಟ್ಟುಕೊಳ್ಳಬೇಕು. ವೇಯ್ನ್ ಕಿರ್ಚ್ನರ್ ಅನ್ನುವವನು 1958ರಲ್ಲಿ ಇಂಥ ಪರೀಕ್ಷೆ ಮಾಡಿದ್ದನಂತೆ, ಆವತ್ತಿನಿಂದ ಇದು ಜನರ ತಲೆ ತಿನ್ನುತ್ತಿದೆ. ನಾನು ಮೊದಲ ಎರಡು ಸುತ್ತು ಚೆನ್ನಾಗಿಯೇ ಮಾಡಿದೆ. ಮೂಟೆ ಲೆಕ್ಕದ ಲಯ ಸಿಕ್ಕಿತ್ತು. ಒಳಗೊಳಗೇ ಬೀಗುತ್ತಿದ್ದೆ ಕೂಡ.

ಆಮೇಲೆ ಅಕ್ಷರಗಳ ನಡುವೆ ಚಿತ್ರ ಬರಲು ಶುರುವಾಯಿತು. ಚಿತ್ರಕ್ಕೆ ಗಮನ ಕೊಡಬೇಡಿ, ಅಕ್ಷರ ಮಾತ್ರ ನೋಡಿ ಅಂತ ಮೊದಲೇ ಹೇಳಿದ್ದರು. ಕುರ್ಚಿ. ಒಂದು ಚಮಚ. ಬಸ್ ನಿಲ್ದಾಣ. ಆಮೇಲೆ ಒಂದು ಕುಸಿದ ಗುಡ್ಡ. ಎಲ್ಲಿಯದೋ ಏನೋ, ನಮ್ಮ ಕಡೆಯದ್ದಲ್ಲ, ಮರಗಳೇ ಬೇರೆ. ಕೆಂಪು ಮಣ್ಣು ಮಾತ್ರ ಅದೇ. 'ಟ' ಬಂತು. ಎರಡು ಹಿಂದೆ ಏನಿತ್ತು? ಅಲ್ಲಿ ಅಕ್ಷರವೇ ಇರಲಿಲ್ಲ. ಖಾಲಿಯೂ ಇರಲಿಲ್ಲ, ಇದನ್ನೇ ನಾನು ಎಲ್ಲರಿಗೂ ಹೇಳಬೇಕು ಅಂತ ಇಷ್ಟು ಬರೆಯುತ್ತಿರುವುದು. ಆ ಜಾಗದಲ್ಲಿ ಹಗ್ಗ ಇತ್ತು. ಒದ್ದೆ ಹಗ್ಗದ ಗಂಟು, ನನ್ನ ಉಗುರು. ಗುಂಡಿ ಒತ್ತಬೇಕಾದ ಬೆರಳೇ ಅವತ್ತು ಗಂಟು ಕೀಳುತ್ತಿದ್ದ ಬೆರಳು. ನಾಲ್ಕೋ ಐದೋ ಅಕ್ಷರ ಬಂದು ಹೋದವು, ನಾನು ಒಂದಕ್ಕೂ ಒತ್ತಲಿಲ್ಲ. ಮಂಡಿಯಲ್ಲಿ 62 ಕಿಲೋ 400 ಎಲ್ಲಿ ಹೋಗಿತ್ತು ಅಂತ ಆಗ ತಿಳಿಯಿತು. ಅದು ಬಿದ್ದು ಹೋಗಿರಲಿಲ್ಲ. ಇಡಲು ಜಾಗವೇ ಇರಲಿಲ್ಲ. ಜೋರು ಮಳೆಗೆ ನನ್ನ ತಲೆ ಧರೆ ಕಾಯಲು ಹೋಗುತ್ತದೆ, ಒಂದು ಕೈ ಪೂರ್ತಿ ಕಣ್ಣಿಯ ಹಗ್ಗಕ್ಕೇ ಮೀಸಲು, ಉಳಿದ ಒಂದು ಕೈಯಲ್ಲಿ ನೀರು ಸೇದಲು ಹೊರಟರೆ ಕೊಡ ಬಾವಿಗೇ ತಾನೇ ಬೀಳುವುದು?

ಅಳು ಬಂತು. ಅಳುವುದಕ್ಕೂ ಅಲ್ಲಿ ಆಸ್ಪದವಿಲ್ಲ ಮಾರಾಯ್ರೇ. ತಲೆ ಕೆಲವೇ ಮಿಲಿಮೀಟರ್ ಅಲುಗಿದರೂ ಚಿತ್ರ ಹಾಳು. ಮಲಗಿದವಳ ಕಣ್ಣೀರು ಕೆನ್ನೆಗೆ ಬರುವುದಿಲ್ಲ, ನೇರ ಕಿವಿಗೆ ಹೋಗುತ್ತದೆ. ಕಿವಿಯಲ್ಲಿ ಬೆಣೆ ಇದೆ, ಅದರ ಅಂಚಿನಲ್ಲಿ ನಿಂತು ತುರಿಸುತ್ತದೆ, ಕೈ ಎತ್ತುವ ಹಾಗಿಲ್ಲ. ಒಂದು ಹಂತದಲ್ಲಿ ಗುಡ್ಡ ಕುಸಿದ ದುಃಖಕ್ಕಿಂತ ಆ ತುರಿಕೆಯೇ ದೊಡ್ಡದಾಗಿ, ಅಳು ತಾನಾಗೇ ನಿಂತಿತು. ಕೊನೆಯ ಸುತ್ತು ಮತ್ತೆ ಸರಿಯಾಗಿ ಮಾಡಿದೆ.

ಹೊರಗೆ ಬಂದ ಮೇಲೆ ಚಹಾ ಕೊಟ್ಟರು. "ಫೋಟೋ ತೋರಿಸು ಮಾರಾಯ್ತಿ" ಅಂದೆ. ಹುಡುಗಿ ಕಂಪ್ಯೂಟರ್‌ನಲ್ಲಿ ನನ್ನ ಮೆದುಳನ್ನು ತೋರಿಸಿದಳು. ಬೂದು ಬಣ್ಣ, ಸುಕ್ಕು ಸುಕ್ಕು, ಅಕ್ರೋಟಿನ ಹಾಗೆ. ಕೆಂಪು ಹಳದಿ ಬಣ್ಣ ಎಲ್ಲಿ, ಪೇಪರಿನಲ್ಲಿ ಬರುತ್ತದಲ್ಲ? ಅದಕ್ಕೆ ಅವಳು ಒಂದು ಗಂಟೆ ಪಾಠ ಮಾಡಿದಳು, ನನಗೆ ಹಿಡಿದಷ್ಟು ಹೇಳುತ್ತೇನೆ. ಯಂತ್ರ ಯೋಚನೆಯನ್ನು ನೋಡುವುದಿಲ್ಲ, ರಕ್ತವನ್ನು ನೋಡುತ್ತದೆ. ಮೆದುಳಿನ ತೂಕ ಮೈತೂಕದಲ್ಲಿ ನೂರಕ್ಕೆ 2 ಪಾಲು, ತಿನ್ನುವ ಆಮ್ಲಜನಕ ಮಾತ್ರ 20 ಪಾಲು. ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ಹೊಸ ರಕ್ತ ಧಾರಾಳವಾಗಿ ನುಗ್ಗುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಗುಣ ಬೇರೆ. ಈ ವ್ಯತ್ಯಾಸದಿಂದಲೇ ಚಿತ್ರ ತೆಗೆಯಬಹುದು ಅಂತ 1990ರಲ್ಲಿ ತೋರಿಸಿದವರು ಸೇಜಿ ಒಗಾವಾ ಮತ್ತು ಜೊತೆಗಾರರು. ಆದರೆ ರಕ್ತ ನಿಧಾನ. ಮೇಲಿನ ಕೆರೆಯ ತೂಬು ಎತ್ತಿದ ಮೇಲೆ ತೋಟದ ಕೊನೆಯ ಸಾಲಿಗೆ ನೀರು ಬರಲು ಹೊತ್ತು ಬೇಕಲ್ಲ, ಹಾಗೆ ನಾನು 'ಕ' ನೋಡಿ ಐದಾರು ಸೆಕೆಂಡಿನ ಮೇಲೆ ಅದರ ಗುರುತು ಏರುತ್ತದೆ. ಆ ಏರಿಕೆಯೂ ನೂರಕ್ಕೆ ಒಂದೋ ಎರಡೋ ಪಾಲು. ಅದಕ್ಕೇ ಒಂದೇ ಕೆಲಸವನ್ನು ಸುತ್ತು ಸುತ್ತು ಮಾಡಿಸುವುದು, ಸುಲಭದ ಸುತ್ತನ್ನು ಕಷ್ಟದ ಸುತ್ತಿನಿಂದ ಕಳೆಯುವುದು. ಚೀಲದ ತೂಕ ಕಳೆದ ಹಾಗೆ ಅಂದೆ. ಹುಡುಗಿಗೆ ಅದು ಭಾರಿ ಇಷ್ಟವಾಗಿ ಬರೆದುಕೊಂಡಳು.

ಬಣ್ಣ ಆಮೇಲೆ ಬರುವುದು, ಅದೂ ಲೆಕ್ಕದಿಂದ. ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಅವಳು ಮೀನಿನ ಕಥೆ ಹೇಳಿದಳು. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿಗೆ ಹಾಕಿ, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇವರಿಗೆ ಏನನ್ನಿಸುತ್ತಿದೆ ಹೇಳು ಅಂತ ಕೇಳಿದ ಹಾಗೆ ಪ್ರಯೋಗ ಮಾಡಿದರು. ಸತ್ತ ಮೀನಿನ ತಲೆಯಲ್ಲೂ ಬಣ್ಣದ ಚುಕ್ಕೆ ಬಂತು! ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಸುಮ್ನೆ ಅದೃಷ್ಟದಿಂದಲೇ ಬಣ್ಣ ಹಿಡಿಯುತ್ತವೆ, ಅದಕ್ಕೆ ತಿದ್ದುಪಡಿ ಮಾಡದಿದ್ದರೆ ಮೀನೂ ಯೋಚಿಸುತ್ತದೆ ಅಂತ ತೋರಿಸಲು ಮಾಡಿದ್ದು. ಇದನ್ನು ಊರಿನಲ್ಲಿ ತಮ್ಮನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ, ಆಮೇಲೆ ಆ ಮೀನನ್ನು ಎಂತ ಮಾಡಿದರು ಅಂತ.

ಹಾಗಾಗಿ ನನ್ನೊಬ್ಬಳ ಬಣ್ಣದ ಫೋಟೋ ಇಲ್ಲ. ನನ್ನ ಲೆಕ್ಕ ನನ್ನಂಥ ಹಲವರ ಲೆಕ್ಕದ ಜೊತೆ ಕೂಡಿ, ಗುಂಪಿನ ಎದುರು ಗುಂಪು ನಿಲ್ಲಿಸಿ ನೋಡುತ್ತಾರೆ. ಸ್ಕ್ಯಾನ್ ನೋಡಿ ಒಬ್ಬರಿಗೆ ಪಿಟಿಎಸ್‌ಡಿ ಇದೆ ಅಂತ ಹೇಳಲು ಆಗುವುದಿಲ್ಲ, ಅದಕ್ಕೆ ಇವತ್ತಿಗೂ ಎದುರು ಕೂತು ಮಾತಾಡುವ ಸಂದರ್ಶನವೇ ಗತಿ. ಹಿಂದಿನ ಅಧ್ಯಯನಗಳಲ್ಲಿ ಕಂಡದ್ದು ಏನು ಅಂತ ಕೇಳಿದೆ. ಅಮಿಗ್ಡಲಾ ಅಂತ ಬಾದಾಮಿ ಗಾತ್ರದ ಒಂದು ಭಾಗ ಅಪಾಯಕ್ಕೆ ಕೂಗು ಹಾಕುವುದು. ಹಣೆಯ ಹಿಂದಿನ ಭಾಗ ಅದನ್ನು ಸುಮ್ಮನಿರಿಸುತ್ತದೆ, ಅಕ್ಷರ ಹಿಡಿದುಕೊಳ್ಳುವ ಕೆಲಸಕ್ಕೂ ಹಣೆಯ ಹಿಂದಿನದ್ದೇ ಬೇಕು. ಪಿಟಿಎಸ್‌ಡಿಯಲ್ಲಿ ಕೂಗು ಜಾಸ್ತಿ, ಸುಮ್ಮನಿರಿಸುವ ಬಲ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ನೆನಪಿನ ಪರೀಕ್ಷೆಯಲ್ಲಿ ಮಾತ್ರ ಕೆಲವು ಕಡೆ ಹಣೆಯ ಭಾಗ ಮಾಮೂಲಿಗಿಂತ ಕಡಿಮೆ ಕೆಲಸ ಮಾಡಿದ್ದು ಕಂಡರೆ, ಇನ್ನು ಕೆಲವು ಕಡೆ ಅಷ್ಟೇ ಫಲಿತಾಂಶಕ್ಕೆ ಜಾಸ್ತಿ ಒದ್ದಾಡಿದ್ದು ಕಂಡಿದೆ. ನನಗೆ ಎರಡನೆಯದು ನಂಬಿಕೆ ಬಂತು. ಮಳೆಗಾಲದ ಸಂಜೆ ಮಂಡಿಯಿಂದ ಬಂದು ಚಪ್ಪಲಿ ಕೂಡ ಬಿಚ್ಚದೆ ಬಿದ್ದುಕೊಳ್ಳುತ್ತಿದ್ದವಳು ನಾನೇ ಅಲ್ವಾ.

ಸ್ಕ್ಯಾನಿನಿಂದ ನನ್ನ ಕಾಯಿಲೆ ವಾಸಿಯಾಗಲಿಲ್ಲ, ಅದು ಅವರ ಕೆಲಸವೂ ಅಲ್ಲ. ವಾಸಿಯ ದಾರಿ ಶಿವಮೊಗ್ಗದಲ್ಲೇ ಶುರುವಾಯಿತು. ಸರ್ಟ್ರಾಲಿನ್ ಮಾತ್ರೆ, ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಆ ರಾತ್ರಿಯನ್ನು ಮೊದಲಿಂದ ಕೊನೆಯವರೆಗೆ ಜೋರಾಗಿ ಹೇಳಬೇಕು, ಮತ್ತೆ ಹೇಳಬೇಕು, ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳಬೇಕು. ತಪ್ಪಿಸಿಕೊಂಡಿದ್ದ ಜಾಗಗಳಿಗೆ ಒಂದೊಂದಾಗಿ ಹೋಗಬೇಕು. ಮೊದಲ ಮೂರು ವಾರ ಇದಕ್ಕಿಂತ ಕೊಳವೆಯೇ ವಾಸಿ ಅನ್ನಿಸಿತ್ತು. ಮಂಡಿಯಲ್ಲಿ ಸಾಹುಕಾರರಿಗೆ ವಿಷಯ ಹೇಳಿದೆ, ಫೋಟೋ ಇಲ್ಲದೆಯೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತೂಕದವನಿಗೆ ಸ್ಲೇಟು ಕೊಡಿಸಿದರು. ಮಳೆ ಜೋರಿದ್ದಾಗ ಅವನು ಕೂಗುವುದರ ಜೊತೆ ಬರೆದೂ ತೋರಿಸುತ್ತಾನೆ. ಈಗ ಬೇರೆ ಇಬ್ಬರಿಗೂ ಅದೇ ಅನುಕೂಲ ಅಂತೆ. ಭಾವ ಮಾತ್ರ ಇನ್ನೂ ಕೇಳುತ್ತಾರೆ, "ಅಷ್ಟು ದೂರ ಹೋಗಿ ಫೋಟೋದಲ್ಲಿ ಎಂತದೂ ಬರಲಿಲ್ವಾ ಹಾಗಾದ್ರೆ?" ಅಂತ. ಅವರಿಗೆ ಸಿ.ಡಿ. ಕೊಟ್ಟಿದ್ದೇನೆ. ಅದನ್ನು ಹಾಕಿ ನೋಡುವ ಕಂಪ್ಯೂಟರ್ ಅವರ ಮನೆಯಲ್ಲಿಲ್ಲ.

ಈ ಜೂನ್‌ನಲ್ಲಿ ಪಟ್ಟಿಯ ಕೊನೆಯ ಜಾಗಕ್ಕೆ ಹೋದೆ. ತೀರ್ಥಹಳ್ಳಿಯಲ್ಲಿ ಬಸ್ ಇಳಿಯುವಾಗಲೇ ಮಳೆ. ಹೊಸ ಕೊಟ್ಟಿಗೆಯನ್ನು ಅಪ್ಪಯ್ಯ ಅಂಗಳದ ಈಚೆಗೆ, ಧರೆಯಿಂದ ದೂರ ಕಟ್ಟಿಸಿದ್ದಾರೆ, ನಾನು ನೋಡಿರಲೇ ಇಲ್ಲ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಒಳಗೆ ಹೋದೆ. ಸಗಣಿಯ ವಾಸನೆ, ಹುಲ್ಲಿನ ವಾಸನೆ, ಒದ್ದೆ ಹಸುವಿನ ವಾಸನೆ. ಎದೆ ಡವಡವ ಅನ್ನುತ್ತಿತ್ತು. ಹಸುಗಳ ಕಣ್ಣಿ ನೋಡಿದೆ. ಎಲ್ಲವನ್ನೂ ಬೇರೆ ರೀತಿ ಕಟ್ಟಿದ್ದರು, ಹಗ್ಗದ ತುದಿ ಮಡಚಿ ಹೊರಗೆ ಬಿಟ್ಟ ಗಂಟು. ನಾಲ್ಕು ಹಸು, ಒಂದು ಕರು, ಐದೂ ಹಾಗೇ.

"ಇದು ಯಾವಾಗಿಂದ ಅಪ್ಪಯ್ಯ?"

"ಅವತ್ತಿಂದ" ಅಂದರು. ಹುಲ್ಲು ಹಾಕುತ್ತಿದ್ದರು, ತಿರುಗಿ ನೋಡಲಿಲ್ಲ. "ಎಳೆದು ನೋಡು."

ಕರುವಿನದನ್ನು ಎಳೆದೆ. ಒಂದೇ ಎಳೆತಕ್ಕೆ ಸರಕ್ಕನೆ ಬಿಚ್ಚಿಕೊಂಡಿತು, ಬೆರಳಿಗೆ ಏನೂ ತಾಗಲೇ ಇಲ್ಲ. ನಾನು ಖಾಲಿ ಹಗ್ಗ ಹಿಡಿದು ನೋಡುತ್ತಾ ನಿಂತಿದ್ದರೆ ಕರು ನನ್ನ ಪಕ್ಕದಲ್ಲೇ ನುಸುಳಿ ಅಂಗಳಕ್ಕೆ ಹಾರಿ, ಅಮ್ಮನ ಬಸಳೆ ಚಪ್ಪರದ ಕಡೆ ಓಡಿತು. "ಹಿಡಿಯೇ ಅದನ್ನ!" ಅಂತ ಅಮ್ಮ ಜಗುಲಿಯಿಂದ ಕೂಗಿದರು. ತಮ್ಮ ಆ ಕಡೆಯಿಂದ, ನಾನು ಈ ಕಡೆಯಿಂದ, ಕೊಡೆಯೂ ಇಲ್ಲದೆ ಮಳೆಯಲ್ಲಿ ಅಂಗಳವೆಲ್ಲ ಓಡಿದೆವು. ಬಸಳೆ ಅರ್ಧ ಹೋಗಿತ್ತು.